ಹನುಮಕ್ಕ ತಂದ ಚೀಟಿ

...ಅಲ್ಲ, ನಾ ಒಳಗೆ ಬರೂದಿಲ್ಲ, ಇಲ್ಲೇ ಜಗಲಿ ಮೇಲೆ ಕೂತ್ಕಂತೆ. ನೀ ಆ ಬಳಚಿನ ಚಿಪ್ಪು ಬಿಡಿಸೂದು ನಿಲ್ಸಬೇಡ, ಕೆಲ್ಸ ಮಾಡ್ತಾ ಕೇಳು. ನೀರೂ ಬೇಡ ದೀಪಾ. ಬಾಡದಿಂದ ಮಾವಿನಕುರ್ವೆ ತನಕ ಬಸ್ಸು ಬದಲಿಸಿ ಬಂದದ್ದು ನೀರು ಕುಡೂಕಲ್ಲ.

ಹಂಗೆ ನೋಡಬೇಡ್ವೆ! ಗೊತ್ತು. ನಿನ್ನ ಬಿಡಿಸಿ ಮಗನಿಗೆ ಬೇರೆ ಮದುವೆ ಮಾಡಿದವಳು ಯಾವ ಮುಖ ಹೊತ್ತು ಬಂದಳು ಅಂತ. ಆದ್ರೂ ನಾ ಬರೇ ದಿವಾಕರನ ಅಮ್ಮ ಅಲ್ಲ, ನಿನ್ನ ಅಪ್ಪನ ಒಡಹುಟ್ಟಿದ ತಂಗಿ. ನೀ ಹುಟ್ಟಿದಾಗ ಮೊದ್ಲು ನೀರು ಮೀಸಿದ್ದು ಈ ಕೈಯೇ... ಆತು, ಆತು, ಅದೆಲ್ಲ ಬಿಡು.

ಒಂದ್ ಮಾತು ಕೇಳ್ತೆ, ಸಿಟ್ಟು ಮಾಡಬೇಡ. ಆ ತುರಿಕೆ... ಕೆಳಗೆ... ಈಗ್ಲೂ ಅದ್ಯಾ?

ಸುಳ್ಳು. ಇಲ್ದಿದ್ರೆ ನೀ ಹೀಂಗೆ ಒಂದು ಬದಿಗೆ ವಾಲಿ ಕೂರ್ತಿರಲಿಲ್ಲ. ನಂಗೆ ಗೊತ್ತಾಗ್ತದೆ.

ಅದ್ಕೇ ಬಂದೆ. ಕುಮಟೆಯಲ್ಲಿ ನಿನ್ನ ತೋರ್ಸಿದ್ವಲ್ಲ, ಚಂದನಾ ಡಾಕ್ಟ್ರಮ್ಮ... ಅವ್ರ ಹತ್ರ ಈಗ ಹೊಸಾ ಔಷಧ ಬಂದದ್ಯಂತೆ. ಹೊಸದು! ಮುಲಾಮು. ಬೆರಳ ತುದಿಯಷ್ಟು, ದಿನಕ್ಕೊಂದ್ ಸಲ. ಪೂರ್ತಿ ಬಿಟ್ಟು ಹೋಗೂದಿಲ್ಲ, ಆದ್ರೆ ಉರಿ ಇಳೀತದೆ, ಹಿಡಿತಕ್ಕೆ ಬರ್ತದೆ. ಆಗಾಗ ಹೋಗಿ ತೋರಿಸ್ತಾ ಇದ್ರೆ ಆತು. ಅಂಟುರೋಗ ಅಲ್ಲ. ಸಂಸಾರ ಮಾಡೂಕೂ ಅಡ್ಡಿ ಇಲ್ಲ ಅಂದ್ರು...

ಎಂತಕ್ಕೆ ನಗ್ತೀ? ನಗಬೇಡ ದೀಪಾ. ಆ ನಗು ನೋಡೂಕಾಗೂದಿಲ್ಲ.

ನಂಗೆ ಹ್ಯಾಂಗೆ ಗೊತ್ತಾಯ್ತು ಅಂತಾ? ನಾನೇ ಹೋಗಿದ್ದೆ, ಹೋದ ತಿಂಗಳು. ನಂಗೂ... ನಂಗೂ ಅದೇ. ಚರ್ಮ ಬಿಳೀ ಕಾಗದದ ಹಾಗೆ, ತುರಿಸಿದ್ರೆ ಸೀಳಿ ರಕ್ತ. ಈಗ ಒಂದ್ಕಡೆ ಗಂಟಾಗಿ, ಹುಣ್ಣಾಗಿ, ಮಾಯೂದೇ ಇಲ್ಲ. ತುಣುಕು ತೆಗೆದು ಪರೀಕ್ಷೆಗೆ ಕಳಿಸಿದ್ರು. ಕ್ಯಾನ್ಸರ್ ಅಂತ ಬಂತು.

ಅಯ್ಯೋ, ಅಳಬೇಡ್ವೆ! ನನಗೋಸ್ಕರ ನೀ ಅಳೂದಾ? ಎಲ್ಲರಿಗೂ ಹೀಂಗಾಗೂದಿಲ್ಲ. ಅಪರೂಪಕ್ಕೆ, ಅದೂ ಔಷಧ ಮಾಡದೆ ಬಿಟ್ಟವರಿಗೇ ಜಾಸ್ತಿ ಅಂತೆ. ಮಂಗಳೂರಲ್ಲಿ ಆಪರೇಶನ್ ಮಾಡ್ತಾರೆ. ನನ್ನದು ಬಿಡು. ನೀ ನಾಳೆಯೇ ಹೋಗು. ತಗ, ಚೀಟಿ. ಮುಲಾಮಿನ ಹೆಸರು ಇದ್ರಲ್ಲೇ ಅದೆ. ಒಳಗಿಡು... ಓದೂದೆಂತ ಅದ್ರಲ್ಲಿ? ಹೆಸರು ನಿಂದೇ, ಹೌದು.

ಮೇಲೆ ಎಂತ ನೋಡ್ತೀ? ...ತಾರೀಖಾ?

ದೀಪಾ.

ಹೌದು. ಹೊಸ ಔಷಧ ಅಲ್ಲ. ಮೂರು ವರ್ಷದ ಹಿಂದಿನ ಚೀಟಿ. ನೀ ತವರಿಗೆ ಬಂದಿದ್ದಾಗ ನಿನ್ನ ರಿಪೋರ್ಟ್ ತರೂಕೆ ನಾನೊಬ್ಳೇ ಹೋಗಿದ್ನಲ್ಲ, ಅವತ್ತೇ ಕೊಟ್ಟದ್ದು. "ಹೆದರೂದು ಬೇಡ, ಗಂಡನ್ನೂ ಕರ್ಕೊಂಡು ಬರ್ಲಿ, ಇಬ್ರಿಗೂ ತಿಳಿಸಿ ಹೇಳ್ತೇನೆ" ಅಂದಿದ್ರು. ನಾ ಮನೆಗೆ ಬಂದು ದಿವಾಕರನ ಹತ್ರ, ಇದಕ್ಕೆ ಮದ್ದಿಲ್ಲ, ಅವಳು ಸಂಸಾರಕ್ಕೆ ಆಗೂದಿಲ್ಲ ಅಂದೆ. ಡಾಕ್ಟ್ರೇ ಹೇಳಿದ್ದು ಅಂದೆ. ಅವ ನಂಬ್ದ. ನಿನ್ನ ಅಪ್ಪ ನಂಬ್ದ, ತಂಗಿ ಮಾತಲ್ವಾ. ನೀನೂ ನಂಬಿ, ಮತ್ತೆ ಯಾವ ಡಾಕ್ಟ್ರ ಬಾಗ್ಲಿಗೂ ಹೋಗ್ಲಿಲ್ಲ.

ಎಂತಕ್ಕೆ ಅಂತ ಕೇಳು. ಕೇಳೇ!

ಅವತ್ತು ಡಾಕ್ಟ್ರಮ್ಮ ಕೇಳಿದ್ರು, "ನೀವು ಅವಳ ಸೋದರತ್ತೆ. ಇದು ಕೆಲವು ಕುಟುಂಬದಲ್ಲಿ ಇಬ್ರು ಮೂವರಿಗೆ ಇರ್ತದೆ. ನಿಮಗೇನಾದ್ರೂ ಇದೆಯಾ? ಒಂದ್ಸಲ ನೋಡ್ಲಾ?" ಇಲ್ಲ ಅಂದೆ. ಎದ್ದೇ ಬಂದೆ. ನಂಗೆ ಅದು ಶುರುವಾಗಿ ಆಗ್ಲೇ ಎಂಟು ವರ್ಷ ಆಗಿತ್ತು ದೀಪಾ. ನಿನ್ನ ಮಾವ ಬೇರೆ ಕೋಣೆಯಲ್ಲಿ ಮಲಗ್ತಿದ್ರಲ್ಲ, ಅದೇ ಕಾರಣ. ವ್ರತ ಅಂತ ಹೇಳ್ತಿದ್ದೆ ಕೇಳಿದವರಿಗೆ. ನೀ ಉರಿ ಅಂದಾಗೆಲ್ಲ ನನ್ನದೇ ಬಯಲಾದ ಹಾಗೆ ಆಗ್ತಿತ್ತು. ನೀ ಅಲ್ಲಿಗೆ ಹೋಗ್ತಾ ಬರ್ತಾ ಇದ್ರೆ, ಅತ್ತೆಯನ್ನೂ ಕರ್ಕೊಂಡು ಬಾ ಅಂತ ಒಂದಿನ ಮಾತು ಬರ್ತಿತ್ತು. ಆ ಟೇಬಲ್ ಮೇಲೆ ಮಲಗಿ, ಈ ವಯಸ್ಸಲ್ಲಿ... ಅಷ್ಟೇ. ಅಷ್ಟಕ್ಕೇ. ಒಂದು ನಾಚ್ಕೆಗೆ ನಿನ್ನ ಬಾಳು...

ಬೈಯೇ. ಒಂದ್ ಮಾತು ಬೈ. ಅತ್ತೆ ಅಂತ ನೋಡಬೇಡ.

ಎಂತಕ್ಕೆ ಎದ್ದೆ? ದೀಪಾ... ಬಾಗ್ಲು ಹಾಕಬೇಡ್ವೆ, ಮಗಾ...

ಆತು. ಹಾಕ್ಕ. ನಾ ಹೋಗ್ತೆ. ನಾಳೆ ಕುಮಟೆಗೆ ಮಾತ್ರ ಹೋಗು. ನನ್ನ ಸಂಗಡ ಬೇಡ, ಒಬ್ಳೇ ಹೋಗು. ಅವ್ರು ಹೇಳಿದ್ದು ನಿನ್ನ ಕಿವಿಯಲ್ಲೇ ಕೇಳು... ಕೇಳ್ತದ್ಯನೇ? ಒಬ್ಳೇ ಹೋಗು.