ಆಡಿದ ಹಾಗೇ

ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನಲ್ಲಿ ಒಬ್ಬ ಹುಡುಗಿಯೂ ಅವಳ ಮೇಡಮ್ಮೂ ಕೂತಿದ್ದರು. ಹುಡುಗಿಯ ಮಡಿಲಲ್ಲಿ ಕಾರ್ಖಾನೆ ಕೆಲಸಗಾರರ ಸಂದರ್ಶನಗಳ ವರದಿಯಿತ್ತು.

“ಹೆಸರು ತೆಗೆದಿದ್ದೆ ತಾನೆ?”

“ತೆಗೆದಿದ್ದೆ ಮೇಡಂ. ಬರೀ ನಂಬರ್ ಹಾಕಿದ್ದೆ.”

“ಮತ್ತೆ ತನ್ನ ಮೇಲೆ ದೂರು ಹೇಳಿದ ಏಳನೇ ನಂಬರ್ ಯಾರು ಅಂತ ವರದಿ ಓದಿದ ಮ್ಯಾನೇಜರಿಗೆ ಹೇಗೆ ಗೊತ್ತಾಯ್ತು?”

“ಅವಳು ಮಾತುಮಾತಿಗೂ ‘ಸುಳ್ಳಾಡಿದ್ರೆ ನನ್ನ ನಾಲಿಗೆ ಬಿದ್ದೋಗ್ಲಿ’ ಅಂತಾಳೆ. ಅಲ್ಲಿ ಹಾಗನ್ನೋಳು ಅವಳೊಬ್ಬಳೇ.”

“ಅದನ್ನ ಯಾಕೆ ಉಳಿಸ್ದೆ?”

“ಆಡಿದ ಮಾತು ಆಡಿದ ಹಾಗೇ ಇರ್ಬೇಕು ಅಂತ ನೀವೇ ಹೇಳಿದ್ರಲ್ಲ.”

ಮೇಡಂ ವರದಿ ತೆಗೆದುಕೊಂಡು ಆ ಪುಟ ತಿರುವಿದರು.

“ಅವಳನ್ನ ಕೆಲಸದಿಂದ ತೆಗೆದೇಬಿಟ್ರಾ?”

“ನಿನ್ನೆ. ನಾನು ಫೋನ್ ಮಾಡಿದ್ದೆ.”

“ಬೈದ್ಲಾ?”

“ಇಲ್ಲ. ‘ನಾನು ಹೇಳಿದ್ದು ನಿಮಗೆ ಉಪಯೋಗಕ್ಕೆ ಬಂತಾ ಅಕ್ಕಾ’ ಅಂತ ಕೇಳಿದ್ಲು.”

“ನೀನೇನಂದೆ?”

“ಬಂತು ಅಂದೆ.”

ಅವರ ಸ್ಟಾಪ್ ಬಂತು. ಇಬ್ಬರೂ ಇಳಿದುಹೋದರು.