ಅಪ್ಪನ ಸೇತುವೆ

ಪಿಕ್ಟನ್ ಊರಿನ ಹಡಗುಕಟ್ಟೆಯ ಸಾಲಿನಲ್ಲಿ ಸೈಕಲ್ ಹಿಡಿದು ನಿಂತಿದ್ದ ಜಾಸ್ಲಿನ್‌ಳಿಗೆ ಮುಂದಿದ್ದ ಅಕ್ಕ–ತಮ್ಮನ ಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು.

"ಫೋನ್ ತೆಗೀತಿಲ್ಲ ಕಣೋ ರೇವಿ. ನಿನ್ನ ವೆಬ್‌ಸೈಟ್ ತೋರ್ಸಿದ ದಾರಿ ನಂಬ್ಕೊಂಡೇ ನನ್ನ ಮಗಳು ಸೈಕಲ್ ಹತ್ತಿರೋದು."

"ಮ್ಯಾಪ್ ಕಂಪನಿಯೋರು ರೇಟ್ ಏರಿಸಿಬಿಟ್ರು ಅಕ್ಕ. ಪುಕ್ಕಟೆ ಸೈಟಿಗೆ ಅಷ್ಟು ಎಲ್ಲಿಂದ ತರ್ಲಿ? ಜನಾನೇ ಸೇರಿ ಬರೆದಿರೋ ಮ್ಯಾಪ್ ಹಾಕಿ ಎಲ್ಲಾ ಹೊಸದಾಗಿ ಕಟ್ದೆ."

"ಅದ್ರಲ್ಲಿ ಹಳ್ಳದ ಮೇಲೆ ಸೇತುವೆ ಇದೆ, ಈಗ ನೋಡ್ದೆ. ಅದು ನೆರೇಲಿ ಕೊಚ್ಕೊಂಡು ಹೋಗಿ ಎಷ್ಟು ಕಾಲ ಆಯ್ತೋ?"

"ಗೊತ್ತು."

"ಗೊತ್ತಿದ್ದೂ ಬಿಟ್ಯಾ?"

"ಅದನ್ನ ಮ್ಯಾಪಲ್ಲಿ ಬರೆದೋರು ಅಪ್ಪ. ಅವರ ಹೆಸರಿದೆ. ಅವರು ಹೋದ್ಮೇಲೆ ಅಳಿಸೋಕೆ ಮನಸ್ಸು ಬರ್ಲಿಲ್ಲ. ಆಗ ಸೈಟಲ್ಲಿ ಕಂಪನಿ ಮ್ಯಾಪಿತ್ತು, ಇದನ್ನ ಯಾರು ನೋಡ್ತಿದ್ರು? ಹೊಸದು ಕಟ್ಟೋವಾಗ ಮರೆತೇ ಹೋಯ್ತು."

ಅಕ್ಕ ಮತ್ತೆ ಫೋನ್ ಹಚ್ಚಿದಳು. ಸಾಲು ಸ್ವಲ್ಪ ಮುಂದೆ ಸರಿಯಿತು.

"ಮಂಜು ಬೇರೆ ಕವಿದಿದೆ ಅಂದಿದ್ಲು. ಆ ಇಳಿಜಾರಲ್ಲಿ ಜೋರಾಗಿ ಬಂದ್ರೆ..."

"ಸುಮ್ನಿರು ಅಕ್ಕ."

ಫೋನು ಟಿಣ್ ಎಂದಿತು. ಅಕ್ಕ ಓದಿದಳು, ಮತ್ತೊಮ್ಮೆ ಓದಿದಳು.

"ಏನಂತೆ?"

"ಸೇತುವೆ ಎಲ್ಲಿ, ಮಾಮ ನಿದ್ದೇಲಿ ಕಟ್ಟಿದ್ನಾ ಅಂತ ಕೇಳ್ತಿದಾಳೆ."

ರೇವಿ ಪಕ್ಕದ ಕಂಬಿಗೆ ಒರಗಿಬಿಟ್ಟ. "ತಾತ ಕಟ್ಟಿದ್ದು ಅಂತ ಬರಿ."

"ಮೊದ್ಲು ಅಳಿಸು. ಅವಳ ಹಿಂದೆ ಇನ್ಯಾರು ಬರ್ತಿದಾರೋ."

ಹಡಗಿನ ಬಾಗಿಲು ತೆರೆಯಿತು. ರೇವಿ ನಡೆಯುತ್ತಲೇ ಫೋನಿನಲ್ಲಿ ಆ ಸೇತುವೆ ತೆರೆದು, ಅಳಿಸುವ ಗುಂಡಿಯ ಮೇಲೆ ಹೆಬ್ಬೆರಳು ತಂದು ನಿಲ್ಲಿಸಿದ.

"ಒತ್ತಿದ್ಯಾ?"

"ನೀನೂ ಬೆರಳಿಡು ಅಕ್ಕ."