ಒಂಬತ್ತನೇ ಜೋಡಿ

ಷಿಕಾಗೋದಲ್ಲಿ ಮಂಗಳವಾರ ಯಾರು ಬೇಕಾದರೂ ವೇದಿಕೆ ಹತ್ತಿ ಹಾಡಬಹುದಾದ ಬಾರಿನೆದುರು, ಹೆಸರು ಬರೆಸುವ ಸಾಲಿನಲ್ಲಿ ಟೈರೆಲ್ ಒಂದು ಗಂಟೆಯಿಂದ ಕುದಿಯುತ್ತಿದ್ದ. ಅವನ ಮುಂದೆ ಗಿಟಾರು ಹೊತ್ತ ಇಬ್ಬರು ಗೆಳತಿಯರು.

"ಬರ್ನಿಸ್, ವಾಪಸ್ ಹೋಗೋಣ ಕಣೇ. ಟೀವೀಲಿ ಆ ಗಾಯಕಿಯರ ಜೋಡಿಯ ಕಾಮಿಡಿ ಬರ್ತಿದೆಯಲ್ಲ, ನಾವು ಅವರನ್ನೇ ಕಾಪಿ ಹೊಡೆದಿದೀವಿ ಅಂತಾರೆ."

"ಅವ್ರು ಶ್ರುತೀಲಿ ಹಾಡ್ತಾರೆ, ಡೆಲ್ಫೀನ್. ನಮ್ಮ ಮೇಲೆ ಯಾರಿಗೆ ಅನುಮಾನ ಬರುತ್ತೆ?"

"ಅದ್ರಲ್ಲಿ ಪದ ಮರೆಯೋಳು ಥೇಟ್ ನೀನೇ."

"ಅವ್ಳದು ನಟನೆ ಕಣೇ. ನಂದು ಅಪ್ಪಟ."

"ನನ್ನ ಕಾಲು ನಡುಗ್ತಿದೆ."

"ನಡುಗ್ಲಿ ಬಿಡು, ತಾಳಕ್ಕಾಗುತ್ತೆ."

ಪಟ್ಟಿ ಹಿಡಿದವನು ತಲೆಯೆತ್ತದೆ ಗೊಣಗಿದ: "ಹೆಣ್ಮಕ್ಕಳ ಜೋಡೀನಾ? ಆ ಕಾಮಿಡಿ ಬಂದ್ಮೇಲೆ ನೀವು ಒಂಬತ್ತನೇ ಜೋಡಿ."

"ಒಂಬತ್ತಾ?" ಡೆಲ್ಫೀನ್ ಕಿರುಚಿದಳು. "ಏಳು ವರ್ಷದಿಂದ ಅಡುಗೆಮನೇಲಿ ಹಾಡ್ತಿದೀವಿ ನಾವು! ಉಳಿದವ್ರೆಲ್ಲ ನಕಲಿಗಳು! ಬರ್ಕೊಳ್ರೀ ನಮ್ಮ ಹೆಸ್ರು!"

ಬರ್ನಿಸಳ ತೋಳು ಹಿಡಿದೆಳೆದುಕೊಂಡು ಅವಳೇ ಒಳಗೆ ನುಗ್ಗಿದಳು. ಟೈರೆಲ್‌ನ ಸರದಿ ಬಂತು. ನಗು ಉಕ್ಕಿ ಅವನಿಗೆ ತನ್ನ ಹೆಸರೇ ಹೇಳಲಾಗಲಿಲ್ಲ.